ಗೋಡೆ ಎಷ್ಟು, ಬಣ್ಣ ಎಷ್ಟು?

ಚಂದಾಪುರ, ಹೆಬ್ಬಗೋಡಿ, ಬೊಮ್ಮಸಂದ್ರದ ಕಡೆ ಬಾಡಿಗೆ ಮನೆಯಲ್ಲಿರುವವರಿಗೆಲ್ಲ ಒಂದು ರೂಢಿ ಗೊತ್ತು. ಮನೆ ಖಾಲಿ ಮಾಡುವ ದಿನ ಮಾಲೀಕರು ಅಡ್ವಾನ್ಸ್ ಹಣ ಹಿಂತಿರುಗಿಸುವಾಗ ಒಂದು ತಿಂಗಳ ಬಾಡಿಗೆಯನ್ನು ‘ಪೇಂಟಿಂಗ್ ಖರ್ಚು’ ಎಂದು ಹಿಡಿದುಕೊಳ್ಳುತ್ತಾರೆ. ಬೆಂಗಳೂರಿನಲ್ಲೆಲ್ಲ ನಡೆದುಬಂದ ಪದ್ಧತಿ ಇದು. ಕರಾರುಪತ್ರದಲ್ಲಿ ಒಂದು ಸಾಲು ಬರೆದಿರುವುದೂ ಉಂಟು, ಬರೆಯದೆಯೇ ಹಿಡಿಯುವುದೂ ಉಂಟು. ಬಾಡಿಗೆದಾರನಿಗೆ ಅದು ಹೆಚ್ಚಾಯಿತೆಂದು ಕಾಣುತ್ತದೆ. ಮಾಲೀಕನಿಗೆ ಸಾಲದೆಂದು ಕಾಣುತ್ತದೆ. ಇಬ್ಬರೂ ದನಿ ಏರಿಸುತ್ತಾರೆಯೇ ಹೊರತು ಗೋಡೆಗೆ ಟೇಪು ಹಿಡಿಯುವುದಿಲ್ಲ. ನಿಜವಾದ ಲೆಕ್ಕ ಬಲ್ಲ ಮೂರನೆಯವನು ಪೇಂಟರ್. ಅವನನ್ನು ಯಾರೂ ಕೇಳುವುದಿಲ್ಲ.

ಪೇಂಟರ್ ಲೆಕ್ಕ ಹಾಕುವುದು ಹೇಗೆ? ಹೈಸ್ಕೂಲಿನ ಕ್ಷೇತ್ರಗಣಿತ ಬಲ್ಲ ಯಾರಾದರೂ ಇದನ್ನು ಮಾಡಬಹುದು. 12 ಅಡಿ ಉದ್ದ, 10 ಅಡಿ ಅಗಲದ ಹಾಲ್. 10 ಅಡಿ ಚೌಕದ ಕೋಣೆ. 8 ಅಡಿ ಚೌಕದ ಅಡುಗೆಮನೆ. ಎಲ್ಲಕ್ಕೂ ಎತ್ತರ 10 ಅಡಿ. ಬಚ್ಚಲಿಗೆ ಟೈಲ್ಸ್ ಇರುವುದರಿಂದ ಅದನ್ನು ಬಿಡೋಣ. ಹಾಲಿನ ನಾಲ್ಕು ಗೋಡೆಗಳ ಒಟ್ಟು ಉದ್ದ 44 ಅಡಿ. ಅದನ್ನು ಎತ್ತರದಿಂದ ಗುಣಿಸಿದರೆ 440, ಮೇಲಿನ ಸೂರು 120, ಒಟ್ಟು 560 ಚದರಡಿ. ಇದೇ ಬಗೆಯಲ್ಲಿ ಕೋಣೆ 500, ಅಡುಗೆಮನೆ 384. ಎಲ್ಲ ಸೇರಿ 1,444 ಚದರಡಿ. ಈ ಮೂರರ ನೆಲದ ವಿಸ್ತೀರ್ಣವೋ ಬರೀ 284 ಚದರಡಿ! ‘ಇಷ್ಟು ಸಣ್ಣ ಮನೆಗೆ ಅಷ್ಟೊಂದು ದುಡ್ಡೇ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ನಾವು ಮನೆಯನ್ನು ನೆಲದಿಂದ ಅಳೆಯುತ್ತೇವೆ, ಪೇಂಟರ್ ಗೋಡೆಯಿಂದ ಅಳೆಯುತ್ತಾನೆ.

ಅಳೆಯಲು ಬೇಸರವಾದಾಗ ಮೇಸ್ತ್ರಿಗಳು ಬಳಸುವ ಒಂದು ಬಾಯಿಲೆಕ್ಕವಿದೆ: ನೆಲದ ವಿಸ್ತೀರ್ಣವನ್ನು ಮೂರೂವರೆಯಿಂದ ಗುಣಿಸಿದರೆ ಗೋಡೆ, ಸೂರು ಎರಡೂ ಬಂತು ಎಂದು. ನಮ್ಮ ಮನೆಗೆ ಹಾಕಿದರೆ 994 ಬರುತ್ತದೆ. ನಿಜವಾದ ಅಳತೆಗಿಂತ 450 ಚದರಡಿ ಕಡಿಮೆ! ಇನ್ನು 24 ಅಡಿ, 20 ಅಡಿಯ ಒಂದು ದೊಡ್ಡ ಹಾಲಿಗೆ ಇದೇ ಸೂತ್ರ ಹಾಕಿ. 480ರ ಮೂರೂವರೆ ಪಟ್ಟು 1,680. ಅಳೆದು ನೋಡಿದರೆ ಗೋಡೆ 880, ಸೂರು 480, ಸೇರಿ 1,360 ಅಷ್ಟೆ. ಇಲ್ಲಿ 320 ಚದರಡಿ ಹೆಚ್ಚು. ಕಾರಣ ಸರಳ. ಕೋಣೆಯ ಅಳತೆ ಎರಡು ಪಟ್ಟಾದರೆ ನೆಲ ನಾಲ್ಕು ಪಟ್ಟಾಗುತ್ತದೆ. ಎತ್ತರ ಅಷ್ಟೇ ಇರುವುದರಿಂದ ಗೋಡೆ ಎರಡೇ ಪಟ್ಟಾಗುತ್ತದೆ. ಹಾಗಾಗಿ ಸಣ್ಣ ಕೋಣೆಗಳ ಮನೆಯಲ್ಲಿ ಬಾಯಿಲೆಕ್ಕದಿಂದ ನಷ್ಟ ಪೇಂಟರಿಗೆ, ದೊಡ್ಡ ಹಾಲಿರುವ ಮನೆಯಲ್ಲಿ ನಷ್ಟ ಮನೆಯವರಿಗೆ. ಗೋಡೆಗೆ ಆನಿಸಿದ ವಾರ್ಡ್‌ರೋಬುಗಳಿದ್ದರೆ ಮನೆಯವರ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಅವುಗಳ ಹಿಂದೆ ಬಣ್ಣ ಹೋಗುವುದೇ ಇಲ್ಲ.

ಬಾಗಿಲು ಕಿಟಕಿಗಳನ್ನು ಕಳೆಯಬೇಡವೇ? ಇದು ಹಳೆಯ ಜಗಳ. ನಮ್ಮ ಮನೆಯಲ್ಲಿ 7 ಅಡಿಗೆ 3 ಅಡಿಯ ಬಾಗಿಲುಗಳು, 4 ಅಡಿ ಚೌಕದ ಎರಡು ಕಿಟಕಿ, ಅಡುಗೆಮನೆಗೊಂದು 3 ಅಡಿಯ ಕಿಟಕಿ ಎಂದಿಟ್ಟುಕೊಂಡು, ಒಳಬಾಗಿಲುಗಳನ್ನು ಎರಡೂ ಕಡೆಯಿಂದ ಲೆಕ್ಕ ಹಿಡಿದರೆ ತೆರಪು 167 ಚದರಡಿ ಆಗುತ್ತದೆ. ನೂರಕ್ಕೆ ಹನ್ನೆರಡು ಪಾಲು! ಕಳೆಯಬೇಕೆಂದು ಮನೆಯವರು, ಕಳೆಯಲಾಗದೆಂದು ಪೇಂಟರ್. ಬಾಗಿಲಿನ ಸುತ್ತ ಅಂಚು ಹಿಡಿದು ಕೈಯಲ್ಲಿ ಹೊಡೆಯುವ ಹೊತ್ತಿನಲ್ಲಿ ಅವನು ರೋಲರಿನಲ್ಲಿ ಅರ್ಧ ಗೋಡೆ ಮುಗಿಸಿರುತ್ತಾನೆ. ಸರ್ಕಾರಿ ಕಟ್ಟಡಗಳ ಅಳತೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 1200 ಎಂಬ ಸಂಹಿತೆಯಿದೆ. ಗಿಲಾವು, ಸುಣ್ಣ-ಬಣ್ಣದ ಕೆಲಸಗಳಿಗೆ ಅದು ಹೇಳುವುದು ಹೀಗೆ: ಅರ್ಧ ಚದರ ಮೀಟರಿನವರೆಗಿನ ತೆರಪನ್ನು ಕಳೆಯುವಂತಿಲ್ಲ, ಅರ್ಧದಿಂದ ಮೂರು ಚದರ ಮೀಟರಿನವರೆಗಿನದನ್ನು ಒಂದು ಮುಖಕ್ಕೆ ಮಾತ್ರ ಕಳೆಯಬೇಕು, ಇನ್ನೊಂದು ಮುಖದ್ದು ಬಾಗಿಲಿನ ಒಳಬದಿಯ ಅಂಚುಗಳ ಕೆಲಸಕ್ಕೆ ಸಮವಾಯಿತು. ಮನೆಬಾಗಿಲೊಂದು ಎರಡು ಚದರ ಮೀಟರಿಗಿಂತ ತುಸು ಕಡಿಮೆ, ಆದ್ದರಿಂದ ಈ ನಡುವಿನ ನಿಯಮಕ್ಕೇ ಸೇರುತ್ತದೆ. ನ್ಯಾಯ ನೋಡಿ, ಇಬ್ಬರಿಗೂ ಅರ್ಧರ್ಧ. ಪ್ಯಾನೆಲ್ ಬಾಗಿಲಿಗೆ ಬಣ್ಣ ಬಳಿಯುವಾಗಲಂತೂ ಅದೇ ಸಂಹಿತೆ ಅಳತೆಯನ್ನು ಒಂದೂ ಮೂರು ಹತ್ತಾಂಶದಿಂದ ಗುಣಿಸಲು ಹೇಳುತ್ತದೆ, ಅದೂ ಪ್ರತಿ ಮುಖಕ್ಕೆ. ಉಬ್ಬುತಗ್ಗುಗಳಿಗೆ ಕೂಲಿ ಬೇಡವೇ?

ಈಗ ಬೆಲೆ. ದರಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಮುಂದಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ಮಾತ್ರ. ನಿಮ್ಮ ಬೀದಿಯ ದರವನ್ನು ನೀವೇ ತುಂಬಿಕೊಳ್ಳಿ. ಒಬ್ಬ ಆಳಿಗೆ ದಿನಕ್ಕೆ 1,000 ರೂಪಾಯಿ ಎನ್ನಿ. ಇಬ್ಬರು ನಾಲ್ಕು ದಿನ: ಒಂದು ದಿನ ಹಳೆಯದನ್ನು ಕೆರೆದು, ತೂತು ಬಿರುಕುಗಳಿಗೆ ಪುಟ್ಟಿ ತುಂಬಿ, ಉಜ್ಜುಕಾಗದ ಹಾಕಲು, ಒಂದೊಂದು ಕೈ ಬಣ್ಣಕ್ಕೆ ಒಂದೊಂದು ದಿನ, ಬಾಗಿಲು ಕಿಟಕಿಗೆ ಒಂದು ದಿನ. ಕೂಲಿ 8,000. ಲೀಟರಿಗೆ ಎರಡು ಕೈಗೆ 80 ಚದರಡಿ ಬರುವ ಬಣ್ಣವಾದರೆ 18 ಲೀಟರು. 20 ಲೀಟರಿನ ಬಕೆಟ್ಟು ತರಬೇಕು, ಲೀಟರಿಗೆ 150ರಂತೆ 3,000. ಪುಟ್ಟಿ, ಪ್ರೈಮರ್, ಉಜ್ಜುಕಾಗದ 1,000. ಬಾಗಿಲಿಗೆ ಎನಾಮಲ್ 1,000. ಒಟ್ಟು 13,000. ಇದರ ಮೇಲೆ ಮೇಸ್ತ್ರಿಯ ಲಾಭ ಮತ್ತು ಮೇಲುಖರ್ಚು. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರಪಟ್ಟಿ ತಯಾರಿಸುವಾಗ ಗುತ್ತಿಗೆದಾರನಿಗೆಂದು ನೂರಕ್ಕೆ 15 ಸೇರಿಸುತ್ತದೆ. ಅದನ್ನೇ ಹಿಡಿದರೆ 1,950. ಎಲ್ಲ ಸೇರಿ 14,950. ಚದರಡಿಗೆ ಹತ್ತು ರೂಪಾಯಿ ಚಿಲ್ಲರೆ.

‘ಏನಣ್ಣಾ, ಎರಡು ರೂಮಿಗೆ ಹದಿನೈದು ಸಾವಿರಾನಾ? ಪಕ್ಕದ ಬೀದೀಲಿ ಎಂಟು ಸಾವಿರಕ್ಕೆ ಮಾಡಿಕೊಟ್ಟವ್ರೆ.’

‘ಮಾಡಿಕೊಡ್ತಾರಮ್ಮಾ, ಯಾಕಿಲ್ಲ? ಎಷ್ಟು ಕೈ ಹೊಡೆದ್ರು ಕೇಳಿದ್ರಾ? ಕೆರೆದು ಹೊಡೆದ್ರಾ, ಮೇಲೇ ಹೊಡೆದ್ರಾ?’

ಪೇಂಟರಿನ ಮಾತಿನಲ್ಲಿ ಹುರುಳಿದೆ. ಕೆರೆಯದೆ, ಒಂದೇ ಕೈ ಹೊಡೆದು, ಬಾಗಿಲು ಮುಟ್ಟದೆ ಬಿಟ್ಟರೆ ಐದಾಳಿನ ಕೂಲಿ 5,000, ಅರ್ಧ ಬಣ್ಣ 1,500, ಚಿಲ್ಲರೆ ಸಾಮಾನು 500, ಅದರ ಮೇಲೆ 15 ಪಾಲು. 8,050ಕ್ಕೆ ಕೆಲಸ ಮುಗಿಯಿತು. ಈಗ ಬಾಡಿಗೆದಾರನ ಪ್ರಶ್ನೆಗೆ ಬನ್ನಿ. ಅವನ ಬಾಡಿಗೆ 9,000 ಎಂದಾದರೆ, ಹಿಡಿದುಕೊಂಡ ಹಣ ಪೂರ್ತಿ ಕೆಲಸಕ್ಕೆ ಸಾಲದು, ಮೇಲುಮೇಲಿನ ಕೆಲಸಕ್ಕೆ ಹೆಚ್ಚು. ಮಾಲೀಕ ಪೂರ್ತಿ ಕೆಲಸದ ಲೆಕ್ಕ ಹೇಳಿ ಮೇಲುಮೇಲಿನ ಕೆಲಸ ಮಾಡಿಸಿದರೆ ಅದು ಸರಿಯಲ್ಲ. ಇನ್ನೊಂದು ಮಾತೂ ಇದೆ. ಬಣ್ಣಕ್ಕೆ ಐದು ವರ್ಷ ಆಯಸ್ಸು ಎಂದುಕೊಂಡರೆ ತಿಂಗಳಿಗೆ ಸುಮಾರು 249 ರೂಪಾಯಿ ಸವೆಯಿತು. ಹನ್ನೊಂದು ತಿಂಗಳಿದ್ದು ಹೋಗುವವನ ಪಾಲು 2,740 ಆಸುಪಾಸು. ಐದು ವರ್ಷ ಇದ್ದವನ ಪಾಲು ಪೂರ್ತಿ. ಆದರೆ ರೂಢಿ ಇಬ್ಬರಿಂದಲೂ ಒಂದೇ ತಿಂಗಳ ಬಾಡಿಗೆ ಕೀಳುತ್ತದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಬೊಮ್ಮಸಂದ್ರದವರೆಗೆ ಓಡತೊಡಗಿತು. ನಿಲ್ದಾಣ ಹತ್ತಿರವಾಯಿತೆಂದು ಬಾಡಿಗೆ ಏರಿಸಬಹುದು. ಅದರಿಂದ ಗೋಡೆಯೇನೂ ಬೆಳೆಯುವುದಿಲ್ಲವಲ್ಲ!

ಹಳ್ಳಿಯಲ್ಲಿ ಹಿಂದೆ ಇಂಥ ಲೆಕ್ಕವೇ ಇರಲಿಲ್ಲ. ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದ ದವಸ ಹೋಗುತ್ತಿತ್ತು, ವರ್ಷವಿಡೀ ರಿಪೇರಿ ಅವರ ಪಾಲಿನ ಕೆಲಸ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಕಂಡ ವ್ಯವಸ್ಥೆಯಲ್ಲಿ ಇದೂ ಸೇರಿತ್ತು. ಗೋಡೆಗೆ ಸುಣ್ಣ ಮನೆಯವರೇ ಹಬ್ಬಕ್ಕೆ ಮುಂಚೆ ಹೊಡೆದುಕೊಳ್ಳುತ್ತಿದ್ದರು. ನೀರಿನಲ್ಲಿ ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಡಬ್ಬವೂ ಬೇಡ, ಕಂಪನಿಯೂ ಬೇಡ. ಆನೇಕಲ್ ತಾಲ್ಲೂಕಿನ ಹೊಲಗಳ ನಡುವೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿಯ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ಮನೆ ಕಟ್ಟುವವರು, ಮನೆ ಹಿಡಿಯುವವರು, ಕೆಲಸ ಮಾಡುವವರು ಎಲ್ಲರೂ ಬೇರೆ ಬೇರೆ ಕಡೆಯಿಂದ ಬಂದವರಾದರು. ಮುಖಪರಿಚಯವಿಲ್ಲದವರ ನಡುವೆ ಉಳಿದಿದ್ದು ಟೇಪು, ಚೀಟಿ ಮತ್ತು ಚೌಕಾಸಿ.

ಆ ಚೌಕಾಸಿಯಲ್ಲಿ ಕೆಲಸದವರು ಗಿರಾಕಿಯ ಕಾರು ನೋಡಿ ರೇಟು ಹೇಳುತ್ತಾರೆಂಬ ದೂರು ಸಾಮಾನ್ಯ. ಹೇಳುವವರಿದ್ದಾರೆ, ಇಲ್ಲವೆನ್ನುವಂತಿಲ್ಲ. ಆದರೆ ಎಲ್ಲ ವ್ಯತ್ಯಾಸವೂ ಮೋಸವಲ್ಲ. ಅಪಾರ್ಟ್‌ಮೆಂಟಿನಲ್ಲಿ ಹತ್ತು ಗಂಟೆಗೆ ಮುಂಚೆ ಒಳಗೆ ಬಿಡುವುದಿಲ್ಲ, ಐದಕ್ಕೆ ಹೊರಡಿಸುತ್ತಾರೆ, ಭಾನುವಾರ ಕೆಲಸ ಕೂಡದು, ಲಿಫ್ಟಿನಲ್ಲಿ ಏಣಿ ಕೂಡದು. ಒಂಬತ್ತು ತಾಸು ಮಾಡುವ ಕೆಲಸ ಏಳು ತಾಸಿಗೆ ಇಳಿದರೆ ಏಳು ದಿನದ ಕೆಲಸ ಒಂಬತ್ತು ದಿನವಾಗುತ್ತದೆ. ಕೂಲಿ ಒಂಬತ್ತು ದಿನದ್ದೇ. ಕೆಲಸವಿಲ್ಲದ ದಿನಗಳೂ ಬೆಲೆಯಲ್ಲಿ ಸೇರಿಕೊಂಡಿರುತ್ತವೆ. ತಿಂಗಳಲ್ಲಿ 25 ದಿನ ಸಿದ್ಧನಾಗಿದ್ದು 18 ದಿನ ಕೆಲಸ ಸಿಕ್ಕವನಿಗೆ ಸಾವಿರದ ಕೂಲಿ ನಿಜದಲ್ಲಿ 720. ಮಳೆ ಹಿಡಿದರೆ ಹೊರಗೋಡೆ ಮುಟ್ಟುವಂತಿಲ್ಲ. ಯುಗಾದಿ, ದೀಪಾವಳಿಗೆ ಮುಂಚೆ ಎಲ್ಲರಿಗೂ ಒಟ್ಟಿಗೇ ಪೇಂಟರ್ ಬೇಕು. ಆಷಾಢ, ಧನುರ್ಮಾಸದಲ್ಲಿ ಗೃಹಪ್ರವೇಶವಿಲ್ಲ, ಕೆಲಸವೂ ಕಡಿಮೆ. ಅವಸರವಿಲ್ಲದವರು ಆಷಾಢದಲ್ಲಿ ಕೇಳಿದರೆ ರೇಟು ಕೊಂಚ ಬಗ್ಗೀತು, ಆದರೆ ಮಳೆಗಾಲವಾದ್ದರಿಂದ ಒಳಗೋಡೆಗೆ ಮಾತ್ರ.

ಸಾಮಾನು ಯಾರು ತರಬೇಕೆಂಬುದು ಮತ್ತೊಂದು. ಕೆಲವು ಬಣ್ಣದ ಡಬ್ಬಗಳೊಳಗೆ ಪೇಂಟರಿಗೆಂದು ಕಂಪನಿ ಟೋಕನ್ ಹಾಕಿರುತ್ತದೆ. ಅಂಗಡಿಯವನೂ ಕರೆತಂದವನಿಗೆ ಒಂದಿಷ್ಟು ಬಿಡುತ್ತಾನೆ. ಹಾಗಾಗಿ ‘ಬರೀ ಕೂಲಿ’ ಎಂದಾಗ ಹೇಳುವ ರೇಟೇ ಬೇರೆ, ಸಾಮಾನು ಸಮೇತ ಎಂದಾಗ ಹೇಳುವುದೇ ಬೇರೆ. ಬಣ್ಣದ ಮೇಲೆ 2018ರ ಜುಲೈಯಿಂದ ಜಿಎಸ್‌ಟಿ ನೂರಕ್ಕೆ 18. ಸಿಮೆಂಟಿನ ಮೇಲೆ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಒಂಟಿ ಪೇಂಟರಿನ ವರ್ಷದ ವಹಿವಾಟು 20 ಲಕ್ಷ ಮುಟ್ಟುವುದಿಲ್ಲವಾಗಿ ಅವನ ಕೂಲಿಯ ಮೇಲೆ ತೆರಿಗೆ ಇಲ್ಲ. ದೊಡ್ಡ ಕಂಪನಿಯ ಕಡೆಯವರು ಲೇಸರಿನಿಂದ ಅಳೆದು ಅಚ್ಚುಕಟ್ಟಾದ ಅಂದಾಜು ಕಳಿಸಿದರೆ ಅದರಲ್ಲಿ ಕೂಲಿಗೂ ತೆರಿಗೆ ಕೂಡಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ದುಬಾರಿ ಎನ್ನುವ ಮೊದಲು ಇದನ್ನು ಕಳೆದು ನೋಡಬೇಕು.

ಬಣ್ಣದಲ್ಲಿ ಅಗ್ಗ ಅಡಗುವ ಜಾಗ ನೀರು. ನಮ್ಮ 18 ಲೀಟರು 1,444 ಚದರಡಿಯ ಮೇಲೆ ಹರಡಿದರೆ ದಪ್ಪ ಎಷ್ಟು? 18,000 ಘನ ಸೆಂಟಿಮೀಟರನ್ನು ಸುಮಾರು 13 ಲಕ್ಷ 40 ಸಾವಿರ ಚದರ ಸೆಂಟಿಮೀಟರಿನಿಂದ ಭಾಗಿಸಿ. ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಡಬ್ಬದಲ್ಲಿದ್ದ ನೀರೂ ಆರಿದ ಮೇಲೆ ಉಳಿಯುವುದು ತಲೆಗೂದಲಿನಷ್ಟು! ಪೇಂಟರ್ ಬೆರೆಸುವ ನೀರು ಬಳಿಯಲು ಅನುಕೂಲವಾಗಲೆಂದು. ಅದೆಲ್ಲ ಗಾಳಿಗೆ ಹೋಗುತ್ತದೆ. ಹದ ಮೀರಿ ನೀರು ಸುರಿದು 18 ಲೀಟರಿನ ಜಾಗದಲ್ಲಿ 12ರಲ್ಲಿ ಮುಗಿಸಿದರೆ ಪದರ ಮೂರರಲ್ಲಿ ಎರಡು ಪಾಲಾಯಿತು. ಮೊದಲ ದಿನ ಕಣ್ಣಿಗೆ ಏನೂ ತಿಳಿಯದು; ಮುಂದಿನ ವರ್ಷ ಒರೆಸುವಾಗ ಬಟ್ಟೆಗೆ ಹತ್ತುತ್ತದೆ. ಎಷ್ಟು ನೀರು ಬೆರೆಸಬೇಕೆಂದು ಡಬ್ಬದ ಮೇಲೆಯೇ ಅಚ್ಚಾಗಿರುತ್ತದೆ. ಖಾಲಿ ಡಬ್ಬಗಳನ್ನು ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇರಿಸಿಕೊಂಡು ಎಣಿಸಿದರೆ ಸಾಕು, ಕಾವಲು ಕೂರಬೇಕಿಲ್ಲ.

ತೇವದ ಗೋಡೆಯ ವಿಷಯ ಇದಕ್ಕಿಂತ ಕಷ್ಟದ್ದು. ಗೋಡೆಯೊಳಗೆ ಇಳಿದ ನೀರು ಸಿಮೆಂಟು ಇಟ್ಟಿಗೆಗಳ ಲವಣವನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ನೀರು ಆವಿಯಾದಾಗ ಉಪ್ಪು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ನೂಕುತ್ತದೆ. ಹಕ್ಕಳೆ ಏಳುವುದು ಹಾಗೆ. ‘ಮೊದಲು ಸಜ್ಜೆಯ ಬಿರುಕು ಮುಚ್ಚಿಸಿ, ಗೋಡೆ ಒಣಗಲಿ, ಆಮೇಲೆ ಕರೆಯಿರಿ’ ಎಂದು ಹೇಳುವ ಪೇಂಟರ್ ಅಂದಿನ ಕೆಲಸ ಕಳೆದುಕೊಳ್ಳುತ್ತಾನೆ. ‘ಪುಟ್ಟಿ ಎಳೆದರೆ ಸರಿಹೋಗುತ್ತೆ ಬಿಡಿ’ ಎನ್ನುವವನಿಗೆ ಕೆಲಸ ಸಿಗುತ್ತದೆ. ಹೀಗೆ ನಿಜ ಹೇಳಿದವನಿಗೆ ದಂಡ ಹಾಕುವವರು ಗಿರಾಕಿಗಳೇ. ತೇವ ಎಲ್ಲಿಂದ ಎಂಬುದನ್ನು ಮಕ್ಕಳೇ ಪತ್ತೆ ಮಾಡಬಹುದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿಗೆ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಮುಂಬದಿಗೆ ಕಂಡರೆ ಕೋಣೆಯ ಗಾಳಿಯದು, ಕಿಟಕಿ ತೆರೆದರೆ ಅರ್ಧ ರೋಗ ವಾಸಿ.

ಜಗಳಗಳೆಲ್ಲ ಬಹುಪಾಲು ‘ಹಂಗೇ’ ಎಂಬ ಪದದಿಂದ ಶುರುವಾಗುತ್ತವೆ. ‘ಅಣ್ಣಾ, ಹಂಗೇ ಆ ಗೇಟಿಗೂ ಒಂದು ಕೈ ಹೊಡೆದುಬಿಡಿ.’ 8 ಅಡಿಗೆ 5 ಅಡಿಯ ಕಂಬಿ ಗೇಟು ಕೆರೆದು ಬಳಿಯಲು ಅರ್ಧ ದಿನ ಹೋಯಿತು. ಇತ್ತ ಕೆಲಸದವರ ಕಡೆಯಲ್ಲೂ ಒಂದು ಕೆಟ್ಟ ಚಾಳಿ ಇದೆ: ಕೆಲಸ ಹಿಡಿಯಲು ಕಡಿಮೆ ಹೇಳುವುದು, ಅರ್ಧಕ್ಕೆ ಬಂದಾಗ ‘ಎಕ್ಸ್‌ಟ್ರಾ’ ತೆಗೆಯುವುದು. ನಿಮ್ಮಿಂದ ಪಡೆದ ಅಡ್ವಾನ್ಸ್ ಹಿಂದಿನ ಮನೆಯ ಬಾಕಿ ಕೆಲಸಕ್ಕೆ ಹೋಗಿ, ನಿಮ್ಮ ಕೆಲಸಕ್ಕೆ ಮುಂದಿನ ಮನೆಯ ಅಡ್ವಾನ್ಸ್ ಕಾಯುವುದೂ ಉಂಟು. ಶನಿವಾರ ಆಳುಗಳಿಗೆ ಬಟವಾಡೆ ಆಗಲೇಬೇಕು. ಮೇಸ್ತ್ರಿ ಎಲ್ಲಿಂದಾದರೂ ತರಬೇಕು. ಸಾಮಾನಿನ ಹಣ ಮೊದಲು, ಕೂಲಿ ಶನಿವಾರಕ್ಕೆ ಆದಷ್ಟು ಕೆಲಸಕ್ಕೆ, ಒಂದು ಪಾಲು ಕೊನೆಗೆ ಎಂದು ಗೊತ್ತುಮಾಡಿಕೊಂಡರೆ ಇಬ್ಬರಿಗೂ ಉಸಿರಾಡಲು ಜಾಗವಿರುತ್ತದೆ.

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಬೆಲೆ ಮಾತಾಡದೆ, ಪುಕ್ಕಟೆ ಎಂದೂ ಹೇಳದೆ ಮಾಡಿಸಿಕೊಂಡ ಕೆಲಸಕ್ಕೆ ತಕ್ಕ ಪ್ರತಿಫಲ ಕೊಡಬೇಕೆಂದು 1872ರ ಕರಾರು ಕಾಯಿದೆಯ 70ನೇ ಕಲಮು ಹೇಳುತ್ತದೆ. ಗೇಟಿಗೂ ಅದು ಅನ್ವಯಿಸಬಹುದು! ಕೆಲಸ ಕೆಟ್ಟರೆ ಗಿರಾಕಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ಹಣ ಕೊಡದ ಗಿರಾಕಿಯ ಮೇಲೆ ಪೇಂಟರ್ ಅಲ್ಲಿಗೆ ಹೋಗುವಂತಿಲ್ಲ. ಅವನಿಗಿರುವುದು ಸಿವಿಲ್ ದಾವೆ. ಎರಡು ಸಾವಿರದ ಬಾಕಿಗೆ ಯಾರು ಕೋರ್ಟು ಹತ್ತುತ್ತಾರೆ? ಬೆಲೆ ಹೇಳುವಾಗಲೇ ಅವನು ಸ್ವಲ್ಪ ಏರಿಸಿ ಹೇಳುವುದಕ್ಕೆ ಇದೂ ಒಂದು ಕಾರಣ. ಕೊಡದೆ ಹೋದವನ ಬಾಕಿಯನ್ನು ಸರಿಯಾಗಿ ಕೊಡುವವರು ಹಂಚಿಕೊಂಡು ತೀರಿಸುತ್ತಿರುತ್ತಾರೆ. ರಾಜ್ಯದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಪೇಂಟರ್, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರೂ ಅದರ ವ್ಯಾಪ್ತಿಗೆ ಬರುತ್ತಾರೆ. ವರ್ಷದಲ್ಲಿ 90 ದಿನ ದುಡಿದ ದಾಖಲೆ ತೋರಿಸಿ ನೋಂದಾಯಿಸಿಕೊಂಡವರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವೂ ಉಂಟು. ಆ ದಾಖಲೆಗೆ ಕೆಲಸ ಮಾಡಿಸಿದವರ ಒಂದು ಸಹಿ ಕೇಳಿದರೆ ಹಿಂದೆಗೆಯಬಾರದು.

ಇನ್ನು ಅಳೆಯುವ ಮಾತು. ಮನೆಯಲ್ಲಿ ಟೇಪು ಇಲ್ಲದಿದ್ದರೆ ನೆಲದ ಟೈಲ್ಸ್ ಎಣಿಸಿ. ಎರಡು ಅಡಿಯ ಟೈಲ್ಸ್ ಆರು ಸಾಲು ಎಂದರೆ 12 ಅಡಿ, ಅರ್ಧ ಕತ್ತರಿಸಿದ ಸಾಲಿದ್ದರೆ ಒಂದು ಅಡಿ ಸೇರಿಸಿ. ಎತ್ತರಕ್ಕೆ ಬಾಗಿಲಿನ ಏಳು ಅಡಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಮನೆಗೆ ಬಂದ ದಿನವೇ ಗೋಡೆ, ಸೂರುಗಳ ಚದರಡಿಯನ್ನು, ಬಣ್ಣ ಆಗ ಹೇಗಿತ್ತೆಂಬುದನ್ನು, ಯಾವ ತಿಂಗಳು ಹೊಡೆಸಿದ್ದೆಂಬುದನ್ನು ಬರೆದು ಕರಾರುಪತ್ರದ ಜೊತೆ ಇಟ್ಟುಕೊಳ್ಳಿ. ಮಾಲೀಕರ ಬಳಿಯೂ ಅದರದೊಂದು ಪ್ರತಿ ಇರಲಿ.